ಸೊಳ್ಳೆಯ ಹೊಟ್ಟೆಯಿಂದ ಸರ್ಕಾರದ ಕಡತಕ್ಕೆ: ರೊನಾಲ್ಡ್ ರಾಸ್ ಸವೆಸಿದ ಹಾದಿ

ಬೀದರ್: ಪ್ರತಿವರ್ಷ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ. ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ ಎಂಬುದನ್ನು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರ ಆ ದಿನ. ಕಂಡುಕೊಂಡ ಸ್ಥಳ ಸಿಕಂದರಾಬಾದ್. ಹುಮನಾಬಾದ್‌ನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೊರಟರೆ ಮೂರ್ನಾಲ್ಕು ತಾಸಿನಲ್ಲಿ ತಲುಪುವ ಊರು ಅದು. ಹುಮನಾಬಾದ್ ಹಾಗೂ ಅಂದು ಕಲ್ಯಾಣಿ ಎನಿಸಿಕೊಂಡಿದ್ದ ಬಸವಕಲ್ಯಾಣ ಎರಡೂ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ಸಿಕಂದರಾಬಾದ್ ಅದೇ ಸಂಸ್ಥಾನದೊಳಗಿನ ಬ್ರಿಟಿಷ್ ದಂಡು ಪ್ರದೇಶವಾಗಿತ್ತು. ತಲೆಮಾರುಗಳಿಂದ ಈ ಭಾಗವನ್ನು ಕಾಡಿದ ಚಳಿಜ್ವರದ ಗುಟ್ಟು ಈ ನೆಲದ ನೆರೆಯಲ್ಲೇ ಬಯಲಾಯಿತು. ಆದರೆ ಆ ಗುಟ್ಟು ಜನರ ಮನೆಬಾಗಿಲಿಗೆ ಸರ್ಕಾರದ ಯೋಜನೆಯಾಗಿ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ರಾಸ್ ಅವರ ಬದುಕು ಈ ಎರಡರ ನಡುವಿನ ಅಂತರದ ಕಥೆಯೂ ಹೌದು.

ಬೆಂಗಳೂರಿನ ಪೀಪಾಯಿ

ರಾಸ್ ಜನಿಸಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಭಾರತದ ಸೇನೆಯಲ್ಲಿ ಅಧಿಕಾರಿ. ಮಗನಿಗೆ ಕಾವ್ಯ, ಸಂಗೀತ, ಗಣಿತದಲ್ಲಿ ಒಲವು. ವೈದ್ಯನಾಗಬೇಕೆಂಬುದು ತಂದೆಯ ಇಚ್ಛೆ. ಲಂಡನ್ನಿನಲ್ಲಿ ವೈದ್ಯಶಿಕ್ಷಣ ಮುಗಿಸಿದ ರಾಸ್ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಸೊಳ್ಳೆಯೊಂದಿಗೆ ಅವರ ಮೊದಲ ಕಾಳಗ ನಡೆದದ್ದು ಕನ್ನಡನಾಡಿನಲ್ಲಿ. 1880ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರು ದಂಡಿನ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಕಂಡವು. ರಾಸ್ ಪೀಪಾಯಿಯನ್ನು ಉರುಳಿಸಿದರು, ಕಾಟ ಕಡಿಮೆಯಾಯಿತು. ಸೇನಾಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೆಯೇ ಮಾಡೋಣವೆಂದು ಸೂಚಿಸಿದಾಗ ಮೇಲಿನವರು ಒಪ್ಪಲಿಲ್ಲ. ತಿಳಿದದ್ದನ್ನು ಆಡಳಿತಕ್ಕೆ ಒಪ್ಪಿಸುವ ಕಷ್ಟದ ಮೊದಲ ರುಚಿ ಅವರಿಗೆ ಅಲ್ಲಿಯೇ ಸಿಕ್ಕಿತು.

ನಾಲ್ಕು ದಿನಗಳ ಕಾಯುವಿಕೆ

ಮಲೇರಿಯಾ ರೋಗಾಣುವನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿಯೇ ಮನುಷ್ಯನ ರಕ್ತದಲ್ಲಿ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಮಾತ್ರ ಒಗಟಾಗಿತ್ತು. ಸೊಳ್ಳೆಯ ಪಾತ್ರವಿರಬೇಕೆಂದು ಊಹಿಸಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು 1894ರಲ್ಲಿ ಲಂಡನ್ನಿನಲ್ಲಿ ಭೇಟಿಯಾದ ರಾಸ್, ಮರುವರ್ಷ ಸಿಕಂದರಾಬಾದ್‌ಗೆ ಬಂದು ಸಂಶೋಧನೆ ಆರಂಭಿಸಿದರು. ಕೆಲಸ ಹಿಡಿತಕ್ಕೆ ಬರುವಷ್ಟರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಬೆಂಗಳೂರಿಗೆ ಹೋಗುವಂತೆ ಆದೇಶ ಬಂತು. ಮಲೇರಿಯಾ ಅಧ್ಯಯನಕ್ಕೆಂದೇ ತಮ್ಮನ್ನು ನಿಯೋಜಿಸಬೇಕೆಂಬ ಅವರ ಕೋರಿಕೆಗೆ ಸರ್ಕಾರ ಕಿವಿಗೊಡಲಿಲ್ಲ. 1897ರಲ್ಲಿ ಅವರು ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ನೀಲಗಿರಿಯ ಸಿಗೂರು ಘಾಟಿಗೆ ತೆರಳಿ ಅಧ್ಯಯನ ನಡೆಸಿದರು. ಅಲ್ಲಿ ಅವರಿಗೇ ಮಲೇರಿಯಾ ತಗುಲಿತು.

ಅದೇ ವರ್ಷದ ಜೂನ್‌ನಲ್ಲಿ ಮತ್ತೆ ಸಿಕಂದರಾಬಾದ್. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಲಾಯಿತು. ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಸಂದಾಯವಾಯಿತು. ನಾಲ್ಕು ದಿನ ಕಳೆದ ಮೇಲೆ ಚುಕ್ಕೆ ರೆಕ್ಕೆಯ ಒಂದು ಸೊಳ್ಳೆಯನ್ನು ಸೀಳಿ ನೋಡಿದಾಗ ಅದರ ಹೊಟ್ಟೆಯ ಭಿತ್ತಿಯಲ್ಲಿ ಕಪ್ಪು ಕಣಗಳಿಂದ ಕೂಡಿದ ಕೋಶಗಳು ಕಂಡವು. ಅಂದಿನ ಆ ಸೊಳ್ಳೆ ಅನಾಫಿಲಿಸ್ ಜಾತಿಯದು. ವರದಿ 1897ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವರನ್ನು ರಜಪೂತಾನದ ಖೇರ್ವಾರಾಕ್ಕೆ ವರ್ಗಾಯಿಸಲಾಗಿತ್ತು. 1898ರಲ್ಲಿ ಕಲ್ಕತ್ತದಲ್ಲಿ ಮಲೇರಿಯಾ ಅಧ್ಯಯನಕ್ಕೆ ಕೊನೆಗೂ ಅವಕಾಶ ದೊರೆಯಿತು. ಅಲ್ಲಿ ಸೊಳ್ಳೆಯ ಮೂಲಕ ಹಕ್ಕಿಯಿಂದ ಹಕ್ಕಿಗೆ ರೋಗ ದಾಟುವುದನ್ನು ಅವರು ಸಿದ್ಧಪಡಿಸಿದರು. ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯನ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿದರು. ಮೊದಲಿಗನಾರು ಎಂಬ ಜಗಳ ರಾಸ್ ಅವರನ್ನು ಬದುಕಿನುದ್ದಕ್ಕೂ ಬಾಧಿಸಿತು. 1902ರಲ್ಲಿ ನೊಬೆಲ್ ಪ್ರಶಸ್ತಿ ರಾಸ್ ಅವರಿಗೆ ಬಂತು.

ಮಿಯಾನ್ ಮೀರ್ ಸೋಲು

1899ರಲ್ಲಿ ಸೇವೆ ತೊರೆದು ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಶಾಲೆ ಸೇರಿದ ರಾಸ್ ಅವರ ಮುಂದೆ ಹೊಸ ಪ್ರಶ್ನೆಯಿತ್ತು. ಕಾರಣ ತಿಳಿಯಿತು, ಇನ್ನು ಸರ್ಕಾರಗಳು ಮಾಡಬೇಕಾದದ್ದೇನು? ನೀರು ನಿಲ್ಲದಂತೆ ನೋಡಿಕೊಳ್ಳಿ, ನಿಂತ ನೀರಿಗೆ ಎಣ್ಣೆ ಹಾಕಿ ಎಂಬುದು ಅವರ ಉತ್ತರ. ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ ಕಾಲುವೆ ಕಂಪನಿ ಅವರ ಸಲಹೆಯಂತೆ ನಡೆಯಿತು. 1902ರಲ್ಲಿ ಸಾವಿರ ಮೀರಿದ್ದ ಜ್ವರದ ಪ್ರಕರಣಗಳು ಮರುವರ್ಷವೇ ಕೆಲವು ನೂರಕ್ಕೆ ಇಳಿದವು.

ಭಾರತದಲ್ಲಿ ಆದದ್ದು ಬೇರೆ. ಲಾಹೋರ್ ಬಳಿಯ ಮಿಯಾನ್ ಮೀರ್ ದಂಡು ಪ್ರದೇಶದಲ್ಲಿ 1901–02ರಲ್ಲಿ ಆರಂಭವಾದ ಪ್ರಯೋಗದಲ್ಲಿ ಕಾಲುವೆಗಳನ್ನು ಮುಚ್ಚಿ, ಗುಂಡಿಗಳಿಗೆ ಎಣ್ಣೆ ಹಾಕಲಾಯಿತು. ಸೊಳ್ಳೆಗಳು ಹೊರಗಿನಿಂದ ಮತ್ತೆ ಬಂದವು, ಜ್ವರ ಇಳಿಯಲಿಲ್ಲ. ಸೊಳ್ಳೆ ನಿರ್ಮೂಲನೆ ದುಬಾರಿ, ಕ್ವಿನೈನ್ ಹಂಚುವುದೇ ಮೇಲು ಎಂಬ ಅಭಿಪ್ರಾಯ ಅಧಿಕಾರಿಗಳಲ್ಲಿ ಬಲವಾಯಿತು. ಪ್ರಯೋಗದ ಪ್ರದೇಶ ಚಿಕ್ಕದು, ವೆಚ್ಚ ಅತ್ಯಲ್ಪ, ರೋಗದ ಅಳತೆ ಸಮರ್ಪಕವಲ್ಲ ಎಂದು ರಾಸ್ ಆಕ್ಷೇಪಿಸಿದರು. 1909ರಲ್ಲಿ ಶಿಮ್ಲಾದಲ್ಲಿ ಮಲೇರಿಯಾ ಸಮ್ಮೇಳನ ನಡೆಯಿತು. ವಾದ ಅಲ್ಲಿಗೂ ಮುಗಿಯಲಿಲ್ಲ.

ಲೆಕ್ಕದ ಬಲ

ಸೋಲಿನಿಂದ ರಾಸ್ ಕಲಿತ ಪಾಠವೇ ಅವರ ಎರಡನೆಯ ದೊಡ್ಡ ಕೊಡುಗೆ. 1907–08ರಲ್ಲಿ ಮಾರಿಷಸ್‌ಗೆ ತೆರಳಿದ ಅವರು ರೋಗ ಹರಡುವಿಕೆಯನ್ನು ಗಣಿತದ ಸೂತ್ರಕ್ಕೆ ಅಳವಡಿಸಿದರು. ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಮಲೇರಿಯಾ ತಾನಾಗಿಯೇ ಕ್ಷೀಣಿಸುತ್ತದೆ ಎಂಬುದು ಆ ಲೆಕ್ಕದ ಸಾರ. ಮೊದಲು ರೋಗವನ್ನು ಅಳೆಯಬೇಕು, ಮಕ್ಕಳಲ್ಲಿ ಗುಲ್ಮದ ಊತವನ್ನು ಎಣಿಸಬೇಕು, ರೋಗದಿಂದಾಗುವ ನಷ್ಟವನ್ನೂ ನಿಯಂತ್ರಣದ ವೆಚ್ಚವನ್ನೂ ತೂಗಿ ನೋಡಬೇಕು ಎಂದು ಅವರು 1910ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಖಜಾನೆಯ ಕೀಲಿ ಹಿಡಿದವರಿಗೆ ಸೂಕ್ಷ್ಮದರ್ಶಕದ ಭಾಷೆ ಸಾಲದು, ಅಂಕಿಸಂಖ್ಯೆಯ ಭಾಷೆಯೂ ಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು. 1911ರಲ್ಲಿ ಸರ್ ಪದವಿ ಪಡೆದ ಅವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು. ಭಾರತದಲ್ಲಿ ದೇಶವ್ಯಾಪಿ ಕಾರ್ಯಕ್ರಮವನ್ನು ಅವರು ಕಾಣಲಿಲ್ಲ.

ಕಲ್ಯಾಣ ನಾಡಿಗೆ ಬಂದ ಕಾರ್ಯಕ್ರಮ

ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಮಲೇರಿಯಾ ಪ್ರಕರಣಗಳು, 8 ಲಕ್ಷ ಸಾವುಗಳು ಸಂಭವಿಸುತ್ತಿದ್ದವೆಂಬ ಅಂದಾಜಿದೆ. ಈ ಅಂದಾಜಿನ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನೂ 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮವನ್ನೂ ಕೈಗೊಂಡಿತು. ಬೀದರ್ ಜಿಲ್ಲೆ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಡಿಡಿಟಿ ಸಿಂಪಡಣೆ, ಮನೆ ಮನೆಯ ಭೇಟಿ, ಜ್ವರ ಬಂದವರ ರಕ್ತಲೇಪನ ಸಂಗ್ರಹ ಆ ಕಾರ್ಯಕ್ರಮದ ಭಾಗವಾಗಿದ್ದವು.

1965ರ ಹೊತ್ತಿಗೆ ದೇಶದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಗೆದ್ದೆವೆಂಬ ಭಾವನೆಯಲ್ಲಿ ನಿಗಾ ಸಡಿಲವಾಯಿತು. ಕೀಟನಾಶಕದ ಕೊರತೆ, ಸೊಳ್ಳೆಗಳ ಪ್ರತಿರೋಧ ಜೊತೆಗೂಡಿದವು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಅಳತೆ ನಿಂತರೆ ನೀತಿ ಕುರುಡಾಗುತ್ತದೆ ಎಂಬ ರಾಸ್ ಅವರ ಆತಂಕವನ್ನು ಈ ಅಂಕಿಗಳು ಸಮರ್ಥಿಸುತ್ತವೆ.

ಕರ್ನಾಟಕದಲ್ಲೂ ಸಂಶೋಧನೆ ನೀತಿಯಾದ ಉದಾಹರಣೆಯಿದೆ. ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಸೊಳ್ಳೆ ಮರಿಗಳನ್ನು ತಿನ್ನಿಸುವ ವಿಧಾನವನ್ನು ಕೋಲಾರ ಭಾಗದ ಹಳ್ಳಿಗಳಲ್ಲಿ ಸಂಶೋಧಕರು ಪರೀಕ್ಷಿಸಿ ನೋಡಿದ ಮೇಲೆ ರಾಜ್ಯದ ಆರೋಗ್ಯ ಇಲಾಖೆ ಅದನ್ನು ಬಳಕೆಗೆ ತಂದಿತು. ಹುಮನಾಬಾದ್, ಬಸವಕಲ್ಯಾಣದಂತಹ ತಾಲೂಕುಗಳಲ್ಲಿ ಬೇಸಿಗೆಗೆಂದು ಡ್ರಮ್ಮು, ತೊಟ್ಟಿಗಳಲ್ಲಿ ನೀರು ಕೂಡಿಡುವುದು ಅನಿವಾರ್ಯ. ಡೆಂಗಿ ಹರಡುವ ಸೊಳ್ಳೆ ಇಂತಹ ನೀರಿನಲ್ಲೇ ಬೆಳೆಯುತ್ತದೆ. ಇಲ್ಲಿ ಪೀಪಾಯಿ ಉರುಳಿಸಿ ಎಂಬ ಸಲಹೆಯೊಂದೇ ಸಾಲದು. ದಿನವೂ ನಲ್ಲಿ ನೀರು ಬರಬೇಕು, ಇಲ್ಲವೇ ತೊಟ್ಟಿಗೆ ಮುಚ್ಚಳವಿರಬೇಕು.

2030ರೊಳಗೆ ಮಲೇರಿಯಾ ಮುಕ್ತವಾಗುವ ಗುರಿಯನ್ನು ದೇಶ ಹಾಕಿಕೊಂಡಿದೆ. ಸೂಕ್ಷ್ಮದರ್ಶಕದಡಿ ಸತ್ಯ ಕಾಣಲು ರಾಸ್ ಅವರಿಗೆ ಎರಡು ವರ್ಷ ಸಾಕಾಯಿತು. ಅದನ್ನು ಆಡಳಿತಕ್ಕೆ ಒಪ್ಪಿಸಲು ಉಳಿದ ಆಯುಷ್ಯವೆಲ್ಲ ಸಾಲಲಿಲ್ಲ. ಸಂಶೋಧಕರ ವರದಿ ಕೈಗೆ ಬಂದ ದಿನದಿಂದಲೇ ಅಳೆಯುವ, ಹಣ ಒದಗಿಸುವ, ಮತ್ತೆ ಅಳೆಯುವ ಹೊಣೆ ಸರ್ಕಾರದ್ದು.