ಆಂಡರ್ಸನ್ನರ ನೆಚ್ಚಿನ ಕೋವಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಕಾಸರಗೋಡಿನಂತೆಯೇ ಹೊಸೂರು, ಡೆಂಕಣಿಕೋಟೆ, ಜವಳಗಿರಿಗಳೂ ಕನ್ನಡ ರಾಜ್ಯದ ಹೊರಗುಳಿದವು. ಕನ್ನಡ ಮಾತು ಅಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಕಾಡುಸೀಮೆಯನ್ನು ಜಗತ್ತಿನ ಓದುಗರಿಗೆ ಪರಿಚಯಿಸಿದವರು ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್.

ಅವರು ಹುಟ್ಟಿದ್ದು 1910ರಲ್ಲಿ, ಸಿಕಂದರಾಬಾದಿನ ಬೊಲಾರಂನಲ್ಲಿ; ಬಾಳಿದ್ದು ಬೆಂಗಳೂರಿನಲ್ಲಿ. ಮನೆತನ ಸ್ಕಾಟ್ಲೆಂಡ್ ಮೂಲದ್ದು. ವಿಮಾನ ಕಾರ್ಖಾನೆಯಲ್ಲಿ ಉದ್ಯೋಗ. ಬಿಡುವು ಸಿಕ್ಕರೆ ಕಾಡು. ಕನ್ನಡ, ತಮಿಳು ಎರಡೂ ಬರುತ್ತಿದ್ದುದರಿಂದ ಹಳ್ಳಿಗರ ಸಂಕಟವನ್ನು ಅವರ ಬಾಯಿಂದಲೇ ಕೇಳಬಲ್ಲವರಾಗಿದ್ದರು.

ಅವರು ನೆಚ್ಚಿದ್ದು ವಿಂಚೆಸ್ಟರ್ ಕಂಪೆನಿಯ 1895ರ ಮಾದರಿಯ .405 ರೈಫಲನ್ನು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕದ ಬೇಟೆಗೆ ಒಯ್ದ ಕೋವಿಗಳಲ್ಲಿ ಇದೂ ಒಂದು. ಇದರ ಗುಂಡು ದಪ್ಪ, ಭಾರ. ಬಹುದೂರದ ಗುರಿಗೆ ಒಗ್ಗದು; ಹತ್ತಿರದಲ್ಲಿ ಪೆಟ್ಟು ಬಲವಾದದ್ದು. ಪೊದೆಯಿಂದ ಥಟ್ಟನೆ ಮೇಲೆರಗುವ ನರಭಕ್ಷಕನಿಗೆ ಬೇಕಾದದ್ದು ಅದೇ. ಕೆಳಗಿನ ಲಿವರನ್ನು ಎಳೆದು ಬಿಟ್ಟರೆ ಮುಂದಿನ ಗುಂಡು ಸಿದ್ಧ. ಇರುಳ ಕಾವಲಿಗೆ ಕೋವಿಗೆ ಟಾರ್ಚನ್ನು ಬಿಗಿಯುತ್ತಿದ್ದರು.

ಗುಮ್ಮಳಾಪುರದಲ್ಲಿ ಚಿರತೆಯ ಭಯದಿಂದ ಹೊತ್ತು ಮುಳುಗಿದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲವೆಂದು ಅವರು ಬರೆದಿದ್ದಾರೆ. ಆ ಚಿರತೆ, ಜವಳಗಿರಿಯ ಹೆಣ್ಣುಹುಲಿ, ಶಿವನಿಪಳ್ಳಿಯ ಕರಿಚಿರತೆ ಇವೆಲ್ಲ ಅವರ ಪುಸ್ತಕಗಳಲ್ಲಿ ಉಳಿದಿವೆ. ಪೂರ್ಣಚಂದ್ರ ತೇಜಸ್ವಿಯವರು ಈ ಕಥೆಗಳನ್ನು ಕನ್ನಡಕ್ಕೆ ತಂದರು.

ಕಾಡು ಬರಿದಾಗುವುದನ್ನು ಕಂಡ ಆಂಡರ್ಸನ್ನರು ಕೊನೆಯ ವರ್ಷಗಳಲ್ಲಿ ಕ್ಯಾಮರಾ ಹಿಡಿದರು. ವನ್ಯಜೀವಿಗಳನ್ನು ಉಳಿಸಬೇಕೆಂದು ಬರೆದರು. 1974ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜವಳಗಿರಿಯ ಕಾಡು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿತು.

ಒಳ್ಳೆಯ ಕೋವಿಯನ್ನು ಆರಿಸಲು ಅನುಭವ ಸಾಕು. ನೆಚ್ಚಿದ ಕೋವಿಯನ್ನು ಕೆಳಗಿಡಲು ಮನಸ್ಸು ಬೇಕು. ನಮ್ಮ ಮಕ್ಕಳಿಗೆ ಅವರ ಬೇಟೆಯ ಕಥೆ ಹೇಳುವಾಗ ಇದನ್ನೂ ಹೇಳೋಣ.