ಮೈಸೂರು ಸೀಮೆಯ ದೊಡ್ಡಸ್ವಾಮಿಯವರು

ಜೀವ ಉಳಿಸಿಕೊಳ್ಳಲು ಊರು ತೊರೆಯುವವರ ಪಾಡನ್ನು ಅಬ್ಬೆ ದ್ಯುಬ್ವಾ ಸ್ವಾಮಿಯವರು ಬಲ್ಲವರಾಗಿದ್ದರು. ಫ್ರಾನ್ಸಿನಲ್ಲಿ ಕ್ರಾಂತಿಯ ಬೇಗೆ ಏರುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ಆ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳು ಹತರಾದರು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಅಲ್ಲಿಗೆ ಬಂದ ಅವರು ಕಂಡದ್ದು, ಸೆರೆಯಲ್ಲಿ ನೊಂದು ದಿಕ್ಕೆಟ್ಟ ಕ್ರೈಸ್ತ ಜನತೆಯನ್ನು. 1784ರಲ್ಲಿ ಕೆನರಾದಿಂದ ಹಿಡಿತಂದಿದ್ದ ಸಹಸ್ರಾರು ಮಂದಿಯಲ್ಲಿ ಬದುಕುಳಿದ ಅನೇಕರು ತವರಿಗೆ ಮರಳಿದರು. ಆದರೆ ಮನೆ, ಹೊಲ ಕಳೆದುಕೊಂಡವರು ಹೋಗುವುದೆಲ್ಲಿಗೆ? ಬಿಡುಗಡೆಯೊಂದರಿಂದಲೇ ಹೊಟ್ಟೆ ತುಂಬದು. ಆಸರೆಯಿಲ್ಲದ ಬಡ ಕ್ರೈಸ್ತರಿಗಾಗಿ ಸ್ವಾಮಿಯವರು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಸಿಡುಬಿನಿಂದ ಜನರನ್ನು ಕಾಯಲು, ಆಗಷ್ಟೇ ಈ ನಾಡಿಗೆ ಬಂದಿದ್ದ ಲಸಿಕೆಯನ್ನು 1803-04ರಲ್ಲಿ ತಮ್ಮ ಸಹಾಯಕರೊಡನೆ 25 ಸಾವಿರಕ್ಕೂ ಮಿಕ್ಕಿ ಜನರಿಗೆ ಹಾಕಿಸಿದರು. ಈ ನಾಡಿನವರಂತೆಯೇ ಉಡುಪು ತೊಟ್ಟು, ಪೇಟ ಸುತ್ತಿ ಬಾಳಿದ ಅವರನ್ನು ಜನರು ದೊಡ್ಡಸ್ವಾಮಿಯವರೆಂದೇ ಕರೆದರು. ಹಿಂದೂ ಆಚಾರಗಳನ್ನು ಕುರಿತ ಅವರ ಗ್ರಂಥದ ಕಟುನುಡಿಗಳನ್ನು ಎಲ್ಲರೂ ಒಪ್ಪಲಾರರು, ಒಪ್ಪಬೇಕೆಂದೂ ಇಲ್ಲ.

1823ರ ಜನವರಿಯಲ್ಲಿ ಭಾರತವನ್ನು ಬಿಟ್ಟು ಹೊರಟವರು ಮತ್ತೆ ಬರಲಿಲ್ಲ. 1848ರ ಫೆಬ್ರವರಿ 17ರಂದು ಪ್ಯಾರಿಸಿನಲ್ಲಿ ದೈವಾಧೀನರಾದರು. ವಾರ ತುಂಬುವ ಮುನ್ನವೇ ಆ ನಗರದಲ್ಲಿ ಮತ್ತೊಂದು ಕ್ರಾಂತಿ ಭುಗಿಲೆದ್ದಿತು.