ಪದಬಂಧದ ಜನಕ ಆರ್ಥರ್ ವಿನ್

ಬೆಳಿಗ್ಗೆ ಪತ್ರಿಕೆ ಬಂದೊಡನೆ ಕೆಲವರು ಮೊದಲು ತೆರೆಯುವುದು ಮುಖಪುಟವನ್ನಲ್ಲ, ಪದಬಂಧದ ಪುಟವನ್ನು. ಹೋಟೆಲಿನ ಮೇಜಿನಲ್ಲಿ ಒಬ್ಬರು ಪೆನ್ನು ಹಿಡಿದು ಕುಳಿತರೆ ಸಾಕು, ಚಾ ಕುಡಿಯಲು ಬಂದ ಇನ್ನಿಬ್ಬರು ಹೆಗಲ ಮೇಲಿಂದ ಇಣುಕಿ ಉತ್ತರ ಹೇಳತೊಡಗುತ್ತಾರೆ. ಸಿಗದೇ ಹೋದ ಒಂದು ಪದ ಸಂಜೆಯವರೆಗೂ ತಲೆ ತಿನ್ನುತ್ತದೆ. ಪತ್ರಿಕೆಯ ಮೂಲಕ ಈ ಹುಚ್ಚು ಹಿಡಿಸಿದವರು ಆರ್ಥರ್ ವಿನ್. ಆಟ ಕಟ್ಟಿದವರು ಅವರಾದರೂ ಅದನ್ನು ಉಳಿಸಿದವರು ಓದುಗರು.

ವಿನ್ ಹುಟ್ಟಿದ್ದು 1871ರ ಜೂನ್ 22ರಂದು, ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನಲ್ಲಿ. ತಂದೆ ಅಲ್ಲಿನ 'ಲಿವರ್‌ಪೂಲ್ ಮರ್ಕ್ಯುರಿ' ಪತ್ರಿಕೆಯ ಸಂಪಾದಕರು. ಹೀಗಾಗಿ ಅಚ್ಚಿನ ಶಾಯಿಯ ವಾಸನೆ ಮಗನಿಗೆ ಚಿಕ್ಕಂದಿನಿಂದಲೇ ಪರಿಚಿತ. 1891ರಲ್ಲಿ, ಇನ್ನೂ 19ರ ಹರೆಯದಲ್ಲಿ, ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಪಿಟ್ಸ್‌ಬರ್ಗ್ ನಗರದಲ್ಲಿ ಪತ್ರಿಕೆಯ ಕೆಲಸ ಮಾಡುತ್ತಾ, ಅಲ್ಲಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು. ಮುಂದೆ ನ್ಯೂಯಾರ್ಕಿನ ಪ್ರಸಿದ್ಧ ಪತ್ರಿಕೆ 'ನ್ಯೂಯಾರ್ಕ್ ವರ್ಲ್ಡ್' ಸೇರಿದರು. ಭಾನುವಾರದ ಸಂಚಿಕೆಯೊಂದಿಗೆ ಬರುತ್ತಿದ್ದ 'ಫನ್' ಎಂಬ ವಿನೋದ ಪುರವಣಿಯ ಹೊಣೆ ಅವರದಾಯಿತು.

1913ರ ಕ್ರಿಸ್ಮಸ್ ಹತ್ತಿರ ಬಂದಿತ್ತು. ಪುರವಣಿಗೆ ಏನಾದರೂ ಹೊಸತು ಬೇಕಿತ್ತು. ಅಡ್ಡ ಓದಿದರೂ ಉದ್ದ ಓದಿದರೂ ಅವೇ ಪದಗಳು ಬರುವ ಪದಚೌಕಗಳು ಆಗಲೇ ಹಳತಾಗಿದ್ದವು. ವಿನ್ ಅದನ್ನೇ ಬದಲಿಸಿ, ಅಡ್ಡಕ್ಕೆ ಬೇರೆ ಪದ, ಉದ್ದಕ್ಕೆ ಬೇರೆ ಪದ ಬರುವಂತೆ ವಜ್ರದಾಕಾರದ ಒಂದು ಚಿತ್ರ ರಚಿಸಿದರು. ನಡುವೆ ಖಾಲಿ ಜಾಗ. ಕಪ್ಪು ಚೌಕಗಳು ಇರಲಿಲ್ಲ. ಮೇಲಿನ ಸಾಲಿನಲ್ಲಿ ಪುರವಣಿಯ ಹೆಸರನ್ನೇ ಬರೆದುಕೊಟ್ಟಿದ್ದರು. ಈ ಒಗಟು ಹೇಗಿದೆ ಎಂಬ ಸುಳಿವಿಗೆ 'ಕಷ್ಟ' ಎಂಬರ್ಥದ ನಾಲ್ಕಕ್ಷರದ ಇಂಗ್ಲಿಷ್ ಪದವೇ ಉತ್ತರ! ಡಿಸೆಂಬರ್ 21ರಂದು 'ವರ್ಡ್ ಕ್ರಾಸ್' ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು. ಕೆಲವೇ ವಾರಗಳಲ್ಲಿ ಅಚ್ಚುಮೊಳೆ ಜೋಡಿಸುವವರ ಕೈತಪ್ಪಿನಿಂದ ಪದಗಳು ಹಿಂದುಮುಂದಾಗಿ 'ಕ್ರಾಸ್ ವರ್ಡ್' ಆಯಿತು. ಪದದಾಟಕ್ಕೆ ಪದಗಳು ಅದಲುಬದಲಾಗಿಯೇ ಹೆಸರು ಸಿಕ್ಕಿತು.

ಓದುಗರು ಈ ಆಟವನ್ನು ಬಾಚಿ ತಬ್ಬಿಕೊಂಡರು. ಅಚ್ಚುಕೂಟದವರಿಗೆ ಮಾತ್ರ ಅದು ತಲೆನೋವು. ಸಣ್ಣ ಸಣ್ಣ ಚೌಕ, ಅಂಕಿಗಳನ್ನು ಜೋಡಿಸುವುದು ಸುಲಭವಲ್ಲ, ತಪ್ಪುಗಳೂ ನುಸುಳುತ್ತಿದ್ದವು. ಆದರೆ ಪದಬಂಧ ಒಂದು ವಾರ ತಪ್ಪಿದರೂ ದೂರಿನ ಪತ್ರಗಳು ಬರುತ್ತಿದ್ದವು. ಓದುಗರು ಬಿಡಿಸುವುದಷ್ಟಕ್ಕೇ ನಿಲ್ಲದೆ ತಾವೇ ರಚಿಸಿ ಕಳುಹಿಸತೊಡಗಿದರು. 1914ರಿಂದ ಅಂಥವು ಪ್ರಕಟವಾದವು. 1915ರ ವೇಳೆಗೆ ದಿನಕ್ಕೆ ಸರಾಸರಿ 25 ಪದಬಂಧಗಳು ಕಚೇರಿಗೆ ಬರುತ್ತಿದ್ದವು. ಪ್ರಕಟವಾಗುವುದು ವಾರಕ್ಕೆ ಒಂದು. ಸಂಗ್ರಹದಲ್ಲಿರುವುದು 2100ನೇ ಇಸವಿಯ ಡಿಸೆಂಬರ್‌ವರೆಗೆ ಸಾಕು ಎಂದು ಪುರವಣಿಯಲ್ಲೇ ತಮಾಷೆಯ ಲೆಕ್ಕ ಹಾಕಲಾಗಿತ್ತು.

ಈ ಆಟಕ್ಕೆ ಹಕ್ಕುಪತ್ರ ಪಡೆಯುವ ಆಸೆ ವಿನ್ ಅವರಿಗಿತ್ತು. ನಾಲ್ಕು ದಿನದ ಗೀಳಿಗೆ ಅಷ್ಟು ಖರ್ಚು ಬೇಡವೆಂದು ಪತ್ರಿಕೆ ಒಪ್ಪಲಿಲ್ಲ. ಮೂಲ ಪದಬಂಧ ಯಾರ ಸೊತ್ತೂ ಆಗದೆ ಉಳಿಯಿತು.

1920ರ ದಶಕದ ಆರಂಭದಲ್ಲಿ ಮಾರ್ಗರೆಟ್ ಪೆಥರ್‌ಬ್ರಿಜ್ ಎಂಬ ಯುವತಿ ಕಚೇರಿಗೆ ಕಾರ್ಯದರ್ಶಿಯಾಗಿ ಬಂದರು. ಪದಬಂಧದ ಕೆಲಸವೂ ಅವರ ತಲೆಗೆ ಬಿತ್ತು. ನೋಡಲು ಚೆನ್ನಾಗಿದ್ದುದನ್ನು ಆರಿಸಿ ಅಚ್ಚಿಗೆ ಕಳುಹಿಸುವುದು ಅವರ ಕ್ರಮ. ಪತ್ರಿಕೆಯ ಅಂಕಣಕಾರ ಫ್ರಾಂಕ್ಲಿನ್ ಆಡಮ್ಸ್ ತಪ್ಪುಗಳನ್ನು ಎತ್ತಿ ತೋರಿಸಿ ಪೀಡಿಸತೊಡಗಿದರು. ಕೊನೆಗೊಂದು ದಿನ ಮಾರ್ಗರೆಟ್ ತಾವೇ ಬಿಡಿಸಲು ಕುಳಿತರು. ಆಗಲಿಲ್ಲ. ಓದುಗರ ಸಂಕಟ ಅರ್ಥವಾಯಿತು. ಅಂದಿನಿಂದ ಪ್ರತಿಯೊಂದನ್ನೂ ಪರೀಕ್ಷಿಸಿ, ಸುಳಿವು ತಿದ್ದಿ ಪ್ರಕಟಿಸುವ ಶಿಸ್ತು ತಂದರು.

1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಇಬ್ಬರು ಹೊಸ ಪ್ರಕಾಶಕರು ಪೆನ್ಸಿಲ್ ಸಮೇತ ಮೊದಲ ಪದಬಂಧ ಪುಸ್ತಕ ತಂದರು. ಸೋತರೆ ಹೆಸರು ಕೆಡಬಾರದೆಂದು ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ್ದರು. ಅದು ಬಿಸಿ ದೋಸೆಯಂತೆ ಖರ್ಚಾಯಿತು. ಅದೇ ವರ್ಷ ಇದು ಕಾಲಹರಣವೆಂದು ಜರೆದಿದ್ದ 'ನ್ಯೂಯಾರ್ಕ್ ಟೈಮ್ಸ್', 1942ರ ಫೆಬ್ರುವರಿ 15ರಂದು ತಾನೇ ಪದಬಂಧ ಆರಂಭಿಸಿತು. ಯುದ್ಧದ ಆತಂಕದ ದಿನಗಳಲ್ಲಿ ಓದುಗರ ಮನಸ್ಸಿಗೊಂದು ಬಿಡುವು ಬೇಕಿತ್ತು. ಅದರ ಸಂಪಾದಕಿಯಾಗಿ ಬಂದವರು ಅದೇ ಮಾರ್ಗರೆಟ್.

ಇದನ್ನೆಲ್ಲ ಕಂಡ ವಿನ್ 1945ರ ಜನವರಿ 14ರಂದು ಫ್ಲೋರಿಡಾದ ಕ್ಲಿಯರ್‌ವಾಟರ್‌ನಲ್ಲಿ ತೀರಿಕೊಂಡರು. ಅವರ ಆಟಕ್ಕೆ ಮೊದಲು ಜಾಗ ಕೊಟ್ಟ 'ವರ್ಲ್ಡ್' ಪತ್ರಿಕೆ 1931ರಲ್ಲೇ ನಿಂತುಹೋಗಿತ್ತು. ಕಲಸಿಟ್ಟ ಅಕ್ಷರಗಳಿಂದ ಪದ ಹುಡುಕುವ 'ಜಂಬಲ್' ಪತ್ರಿಕೆಗಳಿಗೆ ಬಂದದ್ದು 1954ರಲ್ಲಿ.

ಕನ್ನಡಕ್ಕೆ ಬಂದಾಗ ಪದಬಂಧದ ರುಚಿಯೇ ಬೇರೆಯಾಯಿತು. ಇಂಗ್ಲಿಷಿನಲ್ಲಿ ಚೌಕಕ್ಕೊಂದು ಲಿಪಿ. ನಮ್ಮಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿದ ಇಡೀ ಅಕ್ಷರ ಒಂದೇ ಮನೆಯಲ್ಲಿ ಕೂರುತ್ತದೆ. 'ಪುಸ್ತಕ'ಕ್ಕೆ ಮೂರೇ ಮನೆ. ಗಡಿನಾಡಿನಲ್ಲಿ ಶಾಲೆ, ಕಚೇರಿಗಳಲ್ಲಿ ಬೇರೆ ಭಾಷೆಯೊಡನೆ ದಿನ ಕಳೆಯುವ ನಮ್ಮಂಥವರಿಗೆ ಮರೆತ ಕನ್ನಡ ಪದವೊಂದು ಆ ಮನೆಗಳಲ್ಲಿ ಮರಳಿ ಸಿಕ್ಕರೆ ಅದೇ ಲಾಭ. ನಾಳೆ ಬೆಳಿಗ್ಗೆ ಪೆನ್ನು ಹಿಡಿದು ಕೂರುವಾಗ ಲಿವರ್‌ಪೂಲಿನ ಆ ಪಿಟೀಲುಗಾರರನ್ನು ಒಮ್ಮೆ ನೆನೆಯೋಣ. ಪಕ್ಕದಲ್ಲಿ ಕುಳಿತವರಿಗೂ ಒಂದೆರಡು ಮನೆ ಬಿಟ್ಟುಕೊಡೋಣ.